ಅಂತರಜಾಲದಲ್ಲಿ ಖೋಲಿ ಬಾಡಿಗೆಗೆ ಹಿಡಿಯುವ ಮೊದಲು



ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಗೆ ಬೂಸಲು ಬಾರದ ಹಾಗೆ ಏನು ಮಾಡಬೇಕೆಂದು ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳ ನಡುವೆ ಸವದತ್ತಿಯ ಒಬ್ಬ ತಂಗಿಯ ಪತ್ರವೂ ಇತ್ತು. ಉಪ್ಪಿನಕಾಯಿಯ ಸುದ್ದಿ ಎರಡೇ ಸಾಲು. ಉಳಿದದ್ದೆಲ್ಲ ಬೇರೆಯೇ ಚಿಂತೆ. ಅವಳ ಮಾತಿನಲ್ಲೇ ಕೊಡುತ್ತೇನೆ:

"ಅಕ್ಕಾರ, ನಾವು ಹನ್ನೆರಡು ಮಂದಿ ಕೂಡಿ ಸಂಘ ಮಾಡೀವಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಶಾವಿಗಿ ಮಾಡಿ ಮಾರತೇವಿ. ಬನದ ಹುಣ್ಣಿವಿಗೆ, ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಬಂದ ಮಂದಿ ಒಯ್ದು, ಮತ್ತ ಬೇಕು ಅಂತ ಕೊಲ್ಹಾಪುರದಿಂದ, ಸಾಂಗಲಿಯಿಂದ ಫೋನ್ ಮಾಡತಾರ. ನೀವೊಂದು ವೆಬ್‌ಸೈಟ್ ಮಾಡಿಸ್ರಿ ಅಂತ ಒಬ್ಬರು ಹೇಳ್ಯಾರ. ಹೋಸ್ಟಿಂಗ್, ಡೊಮೇನ್, ಎಸ್‌ಎಸ್‌ಎಲ್ ಎಲ್ಲಾ ಸೇರಿ ವರ್ಷಕ್ಕ ಒಂಬತ್ತು ಸಾವಿರ ಅಂತ. ನಮಗ ಅದರಾಗ ಒಂದೂ ತಿಳಿಯಂಗಿಲ್ಲ. ಕೊಡಬೇಕೋ ಬ್ಯಾಡೋ?"

ಪತ್ರ ಓದುತ್ತ ಕೂತವಳಿಗೆ ಕೈಯಲ್ಲಿನ ಚಹಾ ಆರಿದ್ದೂ ಗೊತ್ತಾಗಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ನಾನು 2022ರಲ್ಲಿ ಯಾರಿಗಾದರೂ ಕೇಳಿದ್ದರೆ ನಮ್ಮ ಸಂಘದ ಹನ್ನೆರಡು ಸಾವಿರ ರೂಪಾಯಿ ಉಳಿಯುತ್ತಿತ್ತು. ರೊಕ್ಕ ಹೋದದ್ದಕ್ಕಿಂತ ಹೆಚ್ಚಾಗಿ, ಹೆಸರು ಉಳಿಯುತ್ತಿತ್ತು. ಆ ಕತೆ ಆಮೇಲೆ ಹೇಳುತ್ತೇನೆ. ಮೊದಲು ಈ ಶಬ್ದಗಳ ಗಂಟು ಬಿಚ್ಚೋಣ. ನಾನೂ ಎಸ್ಸೆಸ್ಸೆಲ್ಸಿ ಓದಿದವಳೇ. ನನಗೆ ತಿಳಿದದ್ದು ನಿಮಗೂ ತಿಳಿಯುತ್ತದೆ.

ವೆಬ್‌ಸೈಟ್ ಅಂದರೆ ಅಂಗಡಿ ಅಂದುಕೊಳ್ಳಿ. ಅಂಗಡಿ ಇಡಬೇಕಾದರೆ ಮೂರು ಬೇಕು. ಜೋಡಿಸಿಡಲು ಸಾಮಾನು ಬೇಕು. ನಿಮ್ಮ ರೊಟ್ಟಿ ಚಟ್ನಿಯ ಫೋಟೋ, ದರ, ಫೋನ್ ನಂಬರು, ನಾಲ್ಕು ಮಾತು, ಇವೇ ಸಾಮಾನು. ಅದನ್ನು ಇಡಲು ಒಂದು ಖೋಲಿ ಬೇಕು. ಆ ಖೋಲಿಯ ಬಾಡಿಗೆಗೇ ಹೋಸ್ಟಿಂಗ್ ಎನ್ನುತ್ತಾರೆ. ಇನ್ನು ಬಾಗಿಲ ಮೇಲೆ ಬೋರ್ಡು ಬೇಕು, ಅದು ಡೊಮೇನ್. ಡಾಟ್ ಕಾಮ್, ಡಾಟ್ ಇನ್ ಎಂದು ಮುಗಿಯುವ ಹೆಸರು. ಡಾಟ್ ಇನ್ ಹೆಸರುಗಳ ದಫ್ತರನ್ನು ನಮ್ಮ ದೇಶದ 'ನಿಕ್ಸಿ' ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲೇ ಬರೆದು '.ಭಾರತ' ಎಂದು ಮುಗಿಯುವ ಹೆಸರೂ ಸಿಗುತ್ತದೆ.

ಖೋಲಿ ಅಂದೆನಲ್ಲ, ಅದು ನಿಜವಾಗಿ ಹಗಲು ರಾತ್ರಿ ಬಂದಾಗದೆ ನಡೆಯುವ ಒಂದು ಕಂಪ್ಯೂಟರು. ಸರ್ವರ್ ಎನ್ನುತ್ತಾರೆ. ಅದು ಮುಂಬಯಿಯಲ್ಲಿರಬಹುದು, ಅಮೆರಿಕದಲ್ಲಿರಬಹುದು. ಸಾಂಗಲಿಯ ಗಿರಾಕಿ ತನ್ನ ಫೋನಿನಲ್ಲಿ ನಿಮ್ಮ ಹೆಸರು ಒತ್ತಿದಾಗ, ಆ ಹೆಸರಿನವರು ಯಾವ ಖೋಲಿಯಲ್ಲಿದ್ದಾರೆಂದು ಹುಡುಕಿ ಅಲ್ಲಿಗೆ ಕರೆದೊಯ್ಯುತ್ತದೆ. "ನಮ್ಮ ಮನಿ ಕಂಪ್ಯೂಟರಿನಾಗ ಇಟ್ರ ಆಗಂಗಿಲ್ಲೇನು?" ಎಂದು ನಮ್ಮ ಮನೆಯವರು ಕೇಳಿದ್ದರು. ಆಗುತ್ತದೆ. ಈ ವೆಬ್ ಎಂಬುದನ್ನು 1989ರಲ್ಲಿ ಯೋಚಿಸಿದ ಟಿಮ್ ಬರ್ನರ್ಸ್-ಲೀ ಎಂಬವರು ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದರು. ಜಗತ್ತಿನ ಮೊದಲ ವೆಬ್‌ಸೈಟ್ ಇದ್ದದ್ದು ಅವರು ಕೆಲಸ ಮಾಡುತ್ತಿದ್ದ ಕಂಪ್ಯೂಟರಿನಲ್ಲೇ. ಯಾರಾದರೂ ತಿಳಿಯದೆ ಆರಿಸಿಬಿಟ್ಟಾರೆಂದು, ಇದು ಸರ್ವರ್, ಇದನ್ನು ಬಂದ್ ಮಾಡಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೊಂದು ಚೀಟಿ ಅಂಟಿಸಿದ್ದರಂತೆ. ನಮ್ಮ ಬೈಲಹೊಂಗಲದಲ್ಲಿ ಚೀಟಿ ಅಂಟಿಸಬಹುದು, ಮಳೆ ಹನಿ ಬಿದ್ದ ಕೂಡಲೇ ಹೋಗುವ ಕರೆಂಟಿಗೆ ಓದಲು ಬರಬೇಕಲ್ಲ! ಅದಕ್ಕೇ ಬಾಡಿಗೆಯ ಖೋಲಿ.

ಈಗ ನಮ್ಮ ಕತೆ.

ನಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳ ಸಂಘ. ಶೇಂಗಾ ಹೋಳಿಗೆ ಮತ್ತು ಅಗಸಿ ಚಟ್ನಿಗೆ ಒಳ್ಳೆಯ ಹೆಸರು ಬಂದಿತ್ತು. 2022ರ ಸೆಪ್ಟೆಂಬರದಲ್ಲಿ, ಊರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬ ಹುಡುಗ ಎರಡು ವರ್ಷದ ಲೆಕ್ಕಕ್ಕೆ ಹನ್ನೆರಡು ಸಾವಿರ ತೆಗೆದುಕೊಂಡು ವೆಬ್‌ಸೈಟ್ ಮಾಡಿಕೊಟ್ಟ. ಚೆಂದವೇ ಮಾಡಿದ್ದ. ಸಭೆಯಲ್ಲಿ "ಇದು ಬೇಕು" ಎಂದು ಹಟ ಹಿಡಿದವಳು ನಾನು. ಪುಸ್ತಕದಲ್ಲಿ ಸಹಿ ಮಾಡಿದವಳೂ ನಾನೇ. ಆ ಹೆಸರು ಹಾಕಿ ಡಬ್ಬಿಗೆ ಅಂಟಿಸುವ ಲೇಬಲ್ಲು ಎರಡು ಸಾವಿರ ಅಚ್ಚು ಹಾಕಿಸಿದೆವು.

2024ರ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ. ರಾಣಿ ಚೆನ್ನಮ್ಮ ಇಂಗ್ಲಿಷರನ್ನು ಸೋಲಿಸಿ ಇನ್ನೂರು ವರ್ಷ ತುಂಬಿದ ಉತ್ಸವವದು. ಮಂದಿಯೋ ಮಂದಿ. ಸಂಬಂಧಿಕರ ಮಳಿಗೆಯ ಒಂದು ಮೂಲೆಯಲ್ಲಿ ನಾವೂ ಡಬ್ಬಿ ಜೋಡಿಸಿ, ಮೇಲೆ ದೊಡ್ಡ ಅಕ್ಷರದಲ್ಲಿ ವೆಬ್‌ಸೈಟಿನ ಹೆಸರು ಬರೆಸಿ ತೂಗುಹಾಕಿದ್ದೆವು. ಧಾರವಾಡದ ಒಬ್ಬ ತಾಯಿ ಅಲ್ಲೇ ನಿಂತು ಫೋನಿನಲ್ಲಿ ಒತ್ತಿ ನೋಡಿ, "ಇದು ಬರವಲ್ತಲ್ರೀ" ಎಂದರು. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದೆವು. ಇನ್ನೊಬ್ಬರು ಅದನ್ನೇ ಹೇಳಿದರು. ಸಂಜೆ ನನ್ನ ಮಗಳು ನೋಡಿದರೆ, ಈ ಹೆಸರಿನ ಅವಧಿ ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಹುಡುಗನಿಗೆ ಫೋನ್ ಹಚ್ಚಿದರೆ ಆ ನಂಬರು ಬಳಕೆಯಲ್ಲಿಲ್ಲ. ಅಂಗಡಿ ಮುಚ್ಚಿ, ಕೆಲಸ ಸಿಕ್ಕು ಬೆಂಗಳೂರಿಗೆ ಹೋಗಿದ್ದನಂತೆ.

ಡಿಸೆಂಬರದಲ್ಲಿ ಹುಬ್ಬಳ್ಳಿಯಿಂದ ಒಬ್ಬ ಗಿರಾಕಿ ಫೋನ್ ಮಾಡಿದರು. ಸಿಟ್ಟಿನಿಂದಲ್ಲ, ಸಂಕೋಚದಿಂದ. "ಅಕ್ಕಾರ, ನಿಮ್ಮ ಚಟ್ನಿ ಡಬ್ಬಿ ಮ್ಯಾಲಿನ ಹೆಸರು ಒತ್ತಿದ್ರ ಇಸ್ಪೀಟ ಆಟ ಬರತೈತಿ. ಹುಡುಗರು ನೋಡ್ಯಾರ ಮನ್ಯಾಗ."

ನಮ್ಮ ಹೆಸರು ಬಿಟ್ಟುಹೋಗಿತ್ತು. ಯಾರೋ ಅದನ್ನು ಹಿಡಿದು ಇಸ್ಪೀಟಿನ ಅಂಗಡಿ ಇಟ್ಟಿದ್ದರು. ಆ ಮಂಗಳವಾರದ ಸಭೆಗೆ ನಾನು ಹೇಗೆ ಹೋದೆನೋ ನನಗೇ ಗೊತ್ತು. ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಎಲ್ಲರಿಗಿಂತ ಹಿರಿಯರಾದ ಒಬ್ಬ ಅವ್ವ ಮಾತ್ರ ಲೇಬಲ್ಲಿನ ಕಟ್ಟು ಮುಂದಿಟ್ಟು, "ಇದರ ಮ್ಯಾಲ ಕಾಗದ ಅಂಟಿಸಿದ್ರ ನಡೀತೈತೇನವಾ?" ಎಂದು ಕೇಳಿದರು.

ಹುಡುಗ ಮೋಸಗಾರನಲ್ಲ, ಅದನ್ನೂ ಹೇಳಬೇಕು. ಅವನ ಹೊಸ ನಂಬರು ಸಿಕ್ಕಾಗ ಪಾಪ, ಅಳುವಂತಾಗಿದ್ದ. ಆದದ್ದಿಷ್ಟೇ. ಹೆಸರು ಕೊಳ್ಳುವಾಗ ತನ್ನದೇ ಈಮೇಲ್, ತನ್ನದೇ ಫೋನ್ ನಂಬರು ಹಾಕಿಬಿಟ್ಟಿದ್ದ. ಡಾಟ್ ಕಾಮ್‌ನಂಥ ಹೆಸರುಗಳ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ ಒಮ್ಮೆ, ಒಂದು ವಾರದ ಮುಂಚೆ ಒಮ್ಮೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ನೆನಪಿನ ಪತ್ರ ಕಳಿಸಬೇಕೆಂದು ನಿಯಮವಿದೆ. ಕಳಿಸಿದ್ದರು. ಅವೆಲ್ಲ ಅವನು ತೆರೆದೇ ನೋಡದ ಹಳೆಯ ಈಮೇಲಿಗೆ ಹೋಗಿದ್ದವು. ಮುಗಿದ ಮೇಲೂ ಹೆಸರು ಕೂಡಲೇ ಹೋಗುವುದಿಲ್ಲ. ಕೆಲವು ದಿನ ಮಾಮೂಲಿ ದರಕ್ಕೆ, ಆಮೇಲೆ ಮೂವತ್ತು ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಲೆಕ್ಕ ಹಾಕಿ ನೋಡಿದರೆ ಕಿತ್ತೂರಿನಲ್ಲಿ ನಾವು ನೆಟ್‌ವರ್ಕಿಗೆ ಬಯ್ಯುತ್ತ ನಿಂತಿದ್ದ ದಿನ ನಮ್ಮ ಹೆಸರು ಇನ್ನೂ ಉಳಿಸಿಕೊಳ್ಳುವಂತಿತ್ತು. ಆದರೆ ಬಿಡಿಸಿಕೊಳ್ಳುವ ಹಕ್ಕು ಯಾರ ಹೆಸರಿಗಿತ್ತು? ಅವನ ಹೆಸರಿಗೆ.

ಅದಕ್ಕೇ ತಂಗೀ, ಹೋಸ್ಟಿಂಗ್ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಬೋರ್ಡು ಯಾರ ಹೆಸರಿಗಿದೆ ಎಂದು ಕೇಳು. ಹೊಲ ಕೊಳ್ಳುವಾಗ ಮೊದಲು ಉತಾರ ತೆಗೆಸಿ ನೋಡುವುದಿಲ್ಲವೇ, ಹಾಗೆ. ಖೋಲಿ ಸರಿಯಿಲ್ಲದಿದ್ದರೆ ಸಾಮಾನು ಕಟ್ಟಿಕೊಂಡು ಇನ್ನೊಂದು ಖೋಲಿಗೆ ಹೋಗಬಹುದು, ಬೋರ್ಡು ಅದೇ ಇರುತ್ತದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಬೋರ್ಡೇ ಹೋದರೆ ಖೋಲಿ ಅರಮನೆಯಾದರೂ ಉಪಯೋಗವಿಲ್ಲ. ಅಂತರಜಾಲದಲ್ಲಿ ಹೆಸರು ಹುಡುಕಿ ನೋಡಿದರೆ ಯಾವ ಕಂಪನಿಯಲ್ಲಿ ನೋಂದಾಯಿಸಿದೆ, ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. ಮಾಲೀಕರ ಹೆಸರನ್ನು ಈಗ ಹೆಚ್ಚಾಗಿ ಮುಚ್ಚಿಟ್ಟಿರುತ್ತಾರೆ. ಆದ್ದರಿಂದ ನಿಜವಾದ ಪರೀಕ್ಷೆ ಇದು: ಆ ಕಂಪನಿಯ ಖಾತೆ ನಿಮ್ಮ ಸಂಘದ ಈಮೇಲಿನಿಂದ ತೆರೆಯಬೇಕು, ಓಟಿಪಿ ನಿಮ್ಮ ಸಂಘದ ಫೋನಿಗೆ ಬರಬೇಕು. ಮಾಡಿಕೊಡುವವರು ಎಷ್ಟೇ ಬೇಕಾದವರಿರಲಿ, ನಿಮ್ಮ ಎದುರು ಕೂತು, ನಿಮ್ಮ ಫೋನಿನಲ್ಲಿ, ನಿಮ್ಮ ಹೆಸರಿಗೆ ಕೊಳ್ಳಲಿ. "ಅದೆಲ್ಲ ನಾ ನೋಡ್ಕೋತೇನ್ರಿ" ಎಂದರೆ ಚಹಾ ಕೊಟ್ಟು ಕಳಿಸಿ. ಇನ್ನೊಂದು ಮಾತು. ಒಬ್ಬಳ ಸ್ವಂತ ಈಮೇಲ್ ಹಾಕಬೇಡಿ. ಸಂಘಕ್ಕೆಂದೇ ಒಂದು ಮಾಡಿ, ಪಾಸ್‌ವರ್ಡನ್ನು ಠರಾವು ಪುಸ್ತಕದ ಜೊತೆ ಬೀಗದಲ್ಲಿಡಿ. ಅಧ್ಯಕ್ಷಿಣಿ ಬದಲಾದಾಗ ಬೀಗದಕೈ ಕೊಟ್ಟ ಹಾಗೆ ಅದನ್ನೂ ಕೊಡಬೇಕು.

ಇಷ್ಟಾದ ಮೇಲೆ ಖೋಲಿಯ ಮಾತು. ಹಳೆಯ ವಾಡೆಗಳು ನಿಮಗೆ ಗೊತ್ತಲ್ಲ. ಒಂದು ವಾಡೆ, ಸುತ್ತ ಹತ್ತಾರು ಬಿಡಾರ, ನಡುವೆ ಒಂದೇ ನಳ. ಶೇರ್ಡ್ ಹೋಸ್ಟಿಂಗ್ ಅಂದರೆ ಇದೇ. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟು. ಎಲ್ಲಕ್ಕಿಂತ ಸೋವಿ. ಪಕ್ಕದವರ ಮನೆಯಲ್ಲಿ ಮದುವೆ ಬಂದರೆ ನಿಮಗೆ ನೀರು ಸಣ್ಣಗೆ ಬರುತ್ತದೆ ಅಷ್ಟೇ. ಪಕ್ಕದವರು ಕೆಟ್ಟ ಮೇಲ್‌ಗಳನ್ನು ಸಾವಿರಗಟ್ಟಲೆ ಕಳಿಸಿದರೆ, ಆ ವಾಡೆಯಿಂದ ಬಂದ ನಿಮ್ಮ ಒಳ್ಳೆಯ ಮೇಲೂ ಗಿರಾಕಿಯ ಕಸದ ಬುಟ್ಟಿಗೆ ಬೀಳುವುದುಂಟು. ವಿಪಿಎಸ್ ಎಂಬುದು ಅದೇ ಕಟ್ಟಡದಲ್ಲಿ ಸ್ವಂತ ನಳ, ಸ್ವಂತ ಮೀಟರು ಇರುವ ಮನೆ. ಡೆಡಿಕೇಟೆಡ್ ಎಂದರೆ ಇಡೀ ಬಂಗ್ಲೆ. ಕ್ಲೌಡ್ ಎಂಬ ಶಬ್ದವನ್ನು ಈಗ ಎಲ್ಲದಕ್ಕೂ ಅಂಟಿಸುತ್ತಾರೆ. ಒಂದು ಖೋಲಿಯಲ್ಲಲ್ಲ, ಹಲವು ಕಂಪ್ಯೂಟರು ಸೇರಿ ನಡೆಸುವ ಏರ್ಪಾಟು, ಬಳಸಿದಷ್ಟಕ್ಕೆ ಬಿಲ್ಲು. ಹಿಟ್ಟು ಗಿರಣಿಯ ಲೆಕ್ಕದಂತೆ ಕಾಣುತ್ತದೆ, ಆದರೆ ಬಿಲ್ಲು ಎಷ್ಟು ಬರುತ್ತದೆಂದು ಮೊದಲೇ ಹೇಳಲಾಗದ್ದರಿಂದ ನಮ್ಮಂಥ ಸಂಘಗಳಿಗೆ ನಾನು ಹೇಳುವುದಿಲ್ಲ. ರೊಟ್ಟಿ ಚಟ್ನಿಗೆ ವಾಡೆಯ ಖೋಲಿ ಸಾಕು, ಸಾಕು.

ಖೋಲಿ ಎಷ್ಟು ದೊಡ್ಡದಿರಬೇಕು ಎಂಬುದರಲ್ಲೇ ಹೆಚ್ಚು ರೊಕ್ಕ ಎಳೆಯುತ್ತಾರೆ. ನೂರು ಜಿಬಿ, ಅನ್‌ಲಿಮಿಟೆಡ್ ಎಂದೆಲ್ಲ ಹೇಳುತ್ತಾರೆ. ಖಾನಾವಳಿಯ ಅನ್‌ಲಿಮಿಟೆಡ್ ಊಟವೇ ಅದು, ಐದನೆಯ ರೊಟ್ಟಿಗೆ ಬಡಿಸುವವನು ಕಾಣಿಸುವುದಿಲ್ಲ. ನಿಯಮದ ಸಣ್ಣ ಅಕ್ಷರದಲ್ಲಿ ಮಿತಿ ಇದ್ದೇ ಇರುತ್ತದೆ. ನಮ್ಮ ಲೆಕ್ಕ ನೋಡಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅದನ್ನು ಸಣ್ಣದು ಮಾಡಿದರೆ ಇನ್ನೂರು ಕೆಬಿಗೆ ಬರುತ್ತದೆ, ಹೋಳಿಗೆ ಅಷ್ಟೇ ಚೆಂದ ಕಾಣುತ್ತದೆ. ಅಂಥ 40 ಫೋಟೋ ಇಟ್ಟರೂ 8 ಎಂಬಿ. ಒಂದು ಜಿಬಿ ಅಂದರೆ ಸುಮಾರು ಸಾವಿರ ಎಂಬಿ! ಫೋಟೋ ಸಣ್ಣದು ಮಾಡುವುದರಿಂದ ಇನ್ನೊಂದು ಲಾಭವಿದೆ. ಹುಣ್ಣಿಮೆಯ ದಿನ ಗುಡ್ಡದ ಮೇಲೆ ಲಕ್ಷ ಮಂದಿಯ ಫೋನು ಒಮ್ಮೆಲೆ ಕೂಗುವಾಗ ನೆಟ್‌ವರ್ಕು ಎಳೆಯುತ್ತ ಬರುತ್ತದೆ, ಆಗಲೂ ನಿಮ್ಮ ಪುಟ ತೆರೆದೀತು.

ಇನ್ನು ದರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡನೆಯ ಸಲ ಹೋಸ್ಟಿಂಗ್ ಹುಡುಕಲು ಹೊರಟಾಗ ಮಗಳು ಒಂದು ಜಾಹೀರಾತು ತೋರಿಸಿದಳು. ತಿಂಗಳಿಗೆ ಬರೀ 69 ರೂಪಾಯಿ. ಒಂದು ಸಿವುಡು ಕೊತ್ತಂಬರಿಗೆ ಚೌಕಾಸಿ ಮಾಡುವ ನಮಗೆ ಬಾಯಲ್ಲಿ ನೀರು. ನಾನು ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರ ಓದಿಸಿದೆ. ಆ ದರ ನಾಲ್ಕು ವರ್ಷದ್ದನ್ನು ಒಮ್ಮೆಲೆ ಕಟ್ಟಿದರೆ ಮಾತ್ರ. 48 ತಿಂಗಳಿಗೆ 3,312, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 3,908. ನಾಲ್ಕು ವರ್ಷ ಮುಗಿದ ಮೇಲೆ ತಿಂಗಳಿಗೆ 259. ಅಂದರೆ ವರ್ಷಕ್ಕೆ 3,108, ತೆರಿಗೆ ಸೇರಿ 3,667. ಮೊದಲು ನಾಲ್ಕು ವರ್ಷಕ್ಕೆ ಕೊಟ್ಟಷ್ಟನ್ನೇ ಸುಮಾರು ಮುಂದೆ ಒಂದೊಂದು ವರ್ಷಕ್ಕೂ ಕೊಡಬೇಕು! ಇದು ಮೋಸವಲ್ಲ, ಎಲ್ಲ ಅಲ್ಲೇ ಬರೆದಿತ್ತು. ಹೆಚ್ಚು ಕಡಿಮೆ ಎಲ್ಲರೂ ಹೀಗೇ ಮಾಡುತ್ತಾರೆ. ಆದ್ದರಿಂದ ಮೊದಲ ವರ್ಷದ ದರ ಕೇಳಬೇಡಿ. ಮರುವರ್ಷ ಎಷ್ಟು ಎಂದು ಕೇಳಿ, ಅದನ್ನೇ ಎರಡು ಮೂರು ಕಡೆ ಹೋಲಿಸಿ. "ಡೊಮೇನ್ ಒಂದು ವರ್ಷ ಪುಕ್ಕಟೆ" ಎಂದರೂ ಇದೇ ಪ್ರಶ್ನೆ. ಹೊಸ ಕಂಪನಿಗೆ ನಾಲ್ಕು ವರ್ಷದ್ದು ಒಮ್ಮೆಲೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ಒಂದು ವರ್ಷ ಇದ್ದು ನೋಡಿ. ತಿಂಗಳೊಳಗೆ ಬೇಡವೆಂದರೆ ರೊಕ್ಕ ವಾಪಸು ಕೊಡುವವರು ಬಹಳ ಮಂದಿ ಇದ್ದಾರೆ, ಆದರೆ ಡೊಮೇನಿನ ರೊಕ್ಕ ಮಾತ್ರ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ.

ಎಸ್‌ಎಸ್‌ಎಲ್ ಎಂದು ಪತ್ರದಲ್ಲಿ ಬರೆದಿದ್ದೀಯಲ್ಲ, ಅದು ಬಾಗಿಲ ಬೀಗ. ಗಿರಾಕಿ ಬರೆದ ವಿಳಾಸ, ಫೋನ್ ನಂಬರು ದಾರಿಯಲ್ಲಿ ಯಾರೂ ಓದದ ಹಾಗೆ ಮುಚ್ಚಿ ಕಳಿಸುತ್ತದೆ. ಅದು ಬೇಕೇ ಬೇಕು, ಇಲ್ಲದಿದ್ದರೆ ಫೋನು 'ಇದು ಸುರಕ್ಷಿತವಲ್ಲ' ಎಂದು ಗಿರಾಕಿಯನ್ನು ಹೆದರಿಸುತ್ತದೆ. ಆದರೆ ಇದಕ್ಕೆ ಬೇರೆ ರೊಕ್ಕ ಕೊಡಬೇಡ. 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭವಿಲ್ಲದ ಸಂಸ್ಥೆ 2015ರಿಂದ ಈ ಬೀಗವನ್ನು ಪುಕ್ಕಟೆ ಕೊಡುತ್ತಿದೆ, ಒಳ್ಳೆಯ ಹೋಸ್ಟಿಂಗ್‌ನವರು ಅದನ್ನು ತಾವೇ ಹಾಕಿಕೊಡುತ್ತಾರೆ. ನಮ್ಮ ಮೊದಲ ಬಿಲ್ಲಿನಲ್ಲಿ ಇದಕ್ಕೇ ಎರಡು ಸಾವಿರ ಬರೆದಿತ್ತು. ಈಗ ನೆನೆಸಿದರೂ ಹೊಟ್ಟೆ ಉರಿಯುತ್ತದೆ.

'99.9 ಶೇಕಡಾ ಅಪ್‌ಟೈಮ್' ಎಂದು ಎಲ್ಲರೂ ಬರೆದಿರುತ್ತಾರೆ. ಅಂಗಡಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಲೆಕ್ಕವದು. ವರ್ಷಕ್ಕೆ 8,760 ತಾಸು. 99.9 ಅಂದರೆ ವರ್ಷದಲ್ಲಿ ಒಟ್ಟು ಎಂಟೂ ಮುಕ್ಕಾಲು ತಾಸು ಬಾಗಿಲು ಹಾಕಿರಬಹುದು. ಬರೀ 99 ಎಂದರೆ ಮೂರೂವರೆ ದಿನಕ್ಕೂ ಮಿಕ್ಕಿ. ಕೇಳಲು ಅಷ್ಟೇ ವ್ಯತ್ಯಾಸ, ಆ ಮೂರೂವರೆ ದಿನ ಜಾತ್ರೆಯಲ್ಲೇ ಬಂದರೆ ಏನು ಮಾಡುತ್ತೀರಿ?

ಸಹಾಯದ ಬಗ್ಗೆ ನಾನು ಒಂದು ಉಪಾಯ ಕಂಡುಕೊಂಡೆ. ರೊಕ್ಕ ಕಟ್ಟುವ ಮೊದಲೇ, ರಾತ್ರಿ ಎಂಟರ ನಂತರ, ಕಂಪನಿಗೆ ಒಂದು ಪ್ರಶ್ನೆ ಕೇಳುವುದು. ಮದುವೆಗೆ ಮೊದಲು ಹುಡುಗನ ಊರಲ್ಲಿ ವಿಚಾರಿಸಿದ ಹಾಗೆ. ಒಂದು ಕಂಪನಿಯವರು ಮೂರನೆಯ ದಿನ ಉತ್ತರ ಕೊಟ್ಟರು. ಇನ್ನೊಬ್ಬರು ಹತ್ತು ನಿಮಿಷದಲ್ಲಿ ಹಿಂದಿಯಲ್ಲಿ ಮಾತಾಡಿದರು. ಕನ್ನಡದಲ್ಲಿ ಮಾತಾಡುವವರು ನನಗೆ ಸಿಗಲಿಲ್ಲ. ಕೇಳಿದ ಪ್ರಶ್ನೆ ಯಾವುದು ಗೊತ್ತೇ? "ನಾಳೆ ನಾವು ಬಿಟ್ಟು ಹೋಗುತ್ತೇವೆಂದರೆ ಸಾಮಾನು, ಹೆಸರು ಎರಡೂ ಹೇಗೆ ಒಯ್ಯಬೇಕು?" ಹೆಸರು ಒಯ್ಯಲು ಒಂದು ಗುಪ್ತ ಸಂಕೇತ ಕೊಡುತ್ತಾರೆ, ಅದನ್ನು ಕೊಡಲು ತಕರಾರು ಮಾಡುವವರ ಹತ್ತಿರ ಹೋಗಲೇಬಾರದು.

ಕನ್ನಡ ಅಕ್ಷರದ್ದೂ ಒಂದು ಪರೀಕ್ಷೆ ಇದೆ. 1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದ ಕಾಲದಲ್ಲಿ ಅಂತರಜಾಲದಲ್ಲಿ ಕನ್ನಡ ಓದುವುದೆಂದರೆ ಒಂದೊಂದು ತಾಣಕ್ಕೆ ಒಂದೊಂದು ಅಕ್ಷರದಚ್ಚಿನ ಪಾಡು. ಈಗ ಯೂನಿಕೋಡ್ ಬಂದು ಆ ಕಷ್ಟ ಹೋಗಿದೆ. ಆದರೂ ಒಂದು ಖೋಲಿಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ, ಒಳಗಿನ ಕಪಾಟು ಹಳೆಯ ನಮೂನೆಯದಾಗಿದ್ದರೆ 'ಶೇಂಗಾ ಹೋಳಿಗೆ' ಎಂಬುದು ಬರೀ ಪ್ರಶ್ನೆಚಿಹ್ನೆಗಳ ಸಾಲಾಗಿಬಿಡುತ್ತದೆ. ಮೊದಲ ದಿನವೇ ಒತ್ತಕ್ಷರ ಇರುವ ನಾಲ್ಕು ಸಾಲು ಹಾಕಿ, ಬೇರೆಯವರ ಫೋನಿನಲ್ಲಿ ತೆರೆದು ನೋಡಿ.

ಇನ್ನು ನಕಲು. ಖೋಲಿ ಎಷ್ಟೇ ಭದ್ರವಿರಲಿ, ಸಾಮಾನಿನ ಒಂದು ನಕಲು ನಿಮ್ಮ ಮನೆಯಲ್ಲಿರಬೇಕು. ಬ್ಯಾಕಪ್ ಎನ್ನುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್ ಊರಿನಲ್ಲಿ ಓವಿಎಚ್ ಎಂಬ ದೊಡ್ಡ ಕಂಪನಿಯ ಸರ್ವರ್ ಕಟ್ಟಡಕ್ಕೆ ಬೆಂಕಿ ಬಿತ್ತು. ಲಕ್ಷಗಟ್ಟಲೆ ವೆಬ್‌ಸೈಟು ಬಂದಾದವು. ಕೆಲವರ ನಕಲೂ ಅಲ್ಲೇ ಇತ್ತು, ಮೂಲದ ಜೊತೆ ನಕಲೂ ಸುಟ್ಟಿತು. ಬೆಳ್ಳಿಯ ಲೆಕ್ಕದ ಚೀಟಿಯನ್ನು ಬೆಳ್ಳಿಯ ಗಂಟಿನೊಳಗೇ ಇಡುವವರಿದ್ದಾರಲ್ಲ, ಹಾಗಾಯಿತು. ಕಂಪನಿ ದಿನಾ ನಕಲು ತೆಗೆಯುತ್ತದೆಯೋ, ತಿರುಗಿ ಕೊಡಲು ಬೇರೆ ರೊಕ್ಕ ಕೇಳುತ್ತದೆಯೋ ವಿಚಾರಿಸಿ. ಕಂಪನಿ ಏನೇ ಮಾಡಲಿ, ನಾವು ಪ್ರತಿ ಅಮಾವಾಸ್ಯೆಗೆ ಒಂದು ನಕಲನ್ನು ಪೆನ್‌ಡ್ರೈವಿನಲ್ಲಿ ಇಳಿಸಿ ಸಂಘದ ಟ್ರಂಕಿನಲ್ಲಿಡುತ್ತೇವೆ. ಅಮಾವಾಸ್ಯೆ ಯಾಕೆಂದರೆ ಆ ದಿನ ಒಲೆ ಹಚ್ಚುವುದಿಲ್ಲ, ಪುರುಸೊತ್ತು.

ಇಷ್ಟೆಲ್ಲ ಓದಿ "ಪುಕ್ಕಟೆ ಸಿಗುವುದಿಲ್ಲವೇ?" ಎಂದು ನೀವು ಕೇಳುತ್ತೀರಿ. ಸಿಗುತ್ತದೆ. ಆದರೆ ಪುಕ್ಕಟೆ ಖೋಲಿಯಲ್ಲಿ ಬೋರ್ಡು ಅವರದು, ಮನೆಯೂ ಅವರದು. ಅಮೆರಿಕದ ಜಿಯೋಸಿಟೀಸ್ 1994ರಲ್ಲಿ ಶುರುವಾಗಿ ಲಕ್ಷಾಂತರ ಮಂದಿಗೆ ಪುಕ್ಕಟೆ ಜಾಗ ಕೊಟ್ಟಿತು. 2009ರಲ್ಲಿ ಅಲ್ಲಿ ಬಾಗಿಲು ಹಾಕಿದರು. ಅಷ್ಟು ದೂರ ಯಾಕೆ, ನಮ್ಮ ಪೇಟೆಯ ಅಂಗಡಿಕಾರರೂ ಗೂಗಲ್ ನಕಾಶೆಯಲ್ಲಿ ಅಂಗಡಿಯ ಹೆಸರು ಹಾಕಿ ಅದರ ಜೊತೆ ಬರುತ್ತಿದ್ದ ಪುಕ್ಕಟೆ ವೆಬ್‌ಸೈಟ್ ಮಾಡಿಕೊಂಡಿದ್ದರು. ಗೂಗಲ್‌ನವರು ಅದನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿಬಿಟ್ಟರು. ಪುಕ್ಕಟೆ ಬೇಕೇ ಬೇಕೆಂದರೆ, ನಿಮ್ಮ ಸ್ವಂತ ಹೆಸರಿನ ಬೋರ್ಡು ಹಾಕಲು ಬಿಡುವ ಜಾಗ ನೋಡಿ. ಗೂಗಲ್‌ನದೇ ಬ್ಲಾಗರ್ ಹಾಗೆ ಬಿಡುತ್ತದೆ. ನಾಳೆ ಅದು ಮುಚ್ಚಿದರೂ ಬೋರ್ಡು ಕಿತ್ತುಕೊಂಡು ಬರಬಹುದು.

ರಾಮದುರ್ಗದಲ್ಲಿರುವ ನಮ್ಮ ವೈನಿ ಮನೆಯಲ್ಲೇ ಸೀರೆ ಮಾರುತ್ತಾರೆ. ನಮ್ಮ ಕತೆ ಕೇಳಿ, "ನನಗೂ ಒಂದು ಮಾಡಿಸಿಕೊಡು, ಈ ಸಲ ನೀನು ಶಾಣ್ಯಾ ಆಗೀದಿ" ಎಂದರು. ನಾನು ಬೇಡವೆಂದೆ. ಅವರ ಗಿರಾಕಿಗಳು ಎಂಬತ್ತು ತೊಂಬತ್ತು ಮಂದಿ, ಎಲ್ಲರೂ ಪರಿಚಯದವರು. ಹೊಸ ಸೀರೆ ಬಂದ ದಿನ ವಾಟ್ಸಾಪಿನಲ್ಲಿ ಫೋಟೋ ಹಾಕಿದರೆ ಸಂಜೆಯೊಳಗೆ ಅರ್ಧ ಹೋಗಿರುತ್ತವೆ. ಫೋಟೋ ಹಾಕಿದ ಸೀರೆ ನಾಳೆ ಇರುವುದೇ ಇಲ್ಲ, ವೆಬ್‌ಸೈಟಿನಲ್ಲಿ ಏನು ತೋರಿಸುತ್ತಾರೆ? ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಾಮಾನಿನ ಪಟ್ಟಿ ಇಡುವ ಅನುಕೂಲವಿದೆ, ಅದೇ ಅವರಿಗೆ ಸಾಕು. ವೈನಿಗೆ ಸ್ವಲ್ಪ ಮುನಿಸು ಬಂತು. ಅಂಗಡಿ ದೊಡ್ಡದಾದೀತೆಂದು ನನಗೆ ಹೊಟ್ಟೆಕಿಚ್ಚು ಎಂದು ನಮ್ಮ ಅಣ್ಣನ ಹತ್ತಿರ ಹೇಳಿದರಂತೆ. ಹೇಳಲಿ.

ಸವದತ್ತಿಯ ತಂಗೀ, ನಿನ್ನ ಸಂಗತಿ ಬೇರೆ. ನಿನ್ನ ಗಿರಾಕಿಗಳು ಗುರುತಿಲ್ಲದವರು, ದೂರದವರು, ವರ್ಷಕ್ಕೊಮ್ಮೆ ಗುಡ್ಡಕ್ಕೆ ಬಂದು ಡಬ್ಬಿ ಒಯ್ದು, ಆರು ತಿಂಗಳ ಮೇಲೆ ಚಟ್ನಿ ಮುಗಿದಾಗ ನಿನ್ನನ್ನು ಹುಡುಕುವವರು. ಡಬ್ಬಿಯ ಮೇಲೆ ಒಂದು ಕಾಯಂ ಹೆಸರಿದ್ದರೆ ನಿನಗೆ ಉಪಯೋಗವಿದೆ. ಮಾಡಿಸು. ಆದರೆ ಆ ಒಂಬತ್ತು ಸಾವಿರವನ್ನು ಒಂದೇ ಗಂಟಾಗಿ ಕೊಡಬೇಡ. ಹೆಸರಿಗೆಷ್ಟು, ಖೋಲಿಗೆಷ್ಟು, ಅವರ ಕೂಲಿ ಎಷ್ಟು ಎಂದು ಬಿಡಿಸಿ ಬರೆದುಕೊಡಲು ಹೇಳು. ಕೂಲಿ ಕೊಡಬೇಕಾದದ್ದೇ, ಮೈಮುರಿದು ಮಾಡುತ್ತಾರೆ, ಅದರಲ್ಲಿ ಜಗ್ಗಾಡಬೇಡ. ಆದರೆ ಮಾಡಿಕೊಡುವ ಕೂಲಿ ಒಂದೇ ಸಲದ್ದು. ವರ್ಷ ವರ್ಷವೂ ಕೊಡಬೇಕಾದದ್ದು ಹೆಸರಿನದು ಮತ್ತು ಖೋಲಿಯದು. ನಮ್ಮ ಹೊಸ ವೆಬ್‌ಸೈಟಿಗೆ ಇವೆರಡೂ ಸೇರಿ ತೆರಿಗೆ ಸಮೇತ ವರ್ಷಕ್ಕೆ ಐದು ಸಾವಿರದೊಳಗೆ ಮುಗಿಯುತ್ತಿದೆ. ಆನ್‌ಲೈನ್ ಪೇಮೆಂಟ್ ವ್ಯವಸ್ಥೆಯನ್ನೂ ಕೂಡಿಸುತ್ತೇವೆ ಎಂದರೆ ಈ ವರ್ಷಕ್ಕೆ ಬೇಡವೆನ್ನು. ಪುಟದಲ್ಲಿ ಫೋನ್ ನಂಬರು ಇರಲಿ, ಗಿರಾಕಿ ಫೋನ್ ಮಾಡಿ ಫೋನ್‌ಪೇ ಮಾಡಲಿ.

ನಾವು ಹೊಸ ಹೆಸರು ಕೊಂಡದ್ದು 2025ರ ಜನವರಿಯಲ್ಲಿ. ಮಂಗಳವಾರದ ಸಭೆಯಲ್ಲಿ ಹನ್ನೊಂದೂ ಮಂದಿ ಸುತ್ತ ಕೂತು, ಓಟಿಪಿ ಬಂದಾಗ ಆ ಹಿರಿಯ ಅವ್ವನೇ ಜೋರಾಗಿ ಒಂದೊಂದು ಅಂಕಿ ಓದಿದರು. ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟಿದ್ದೇನೆ. ಹಳೆಯ ಲೇಬಲ್ಲು ಇನ್ನೂ ಆರುನೂರು ಉಳಿದಿವೆ. ಕಾಗದ ಅಂಟಿಸಿದ್ದು ಎಣ್ಣೆ ತಾಗಿ ಕಿತ್ತು ಬರುತ್ತಿತ್ತು, ಆದ್ದರಿಂದ ಅದನ್ನು ಬಿಟ್ಟೆವು. ಹಿಂಬದಿ ಖಾಲಿ ಇದೆ, ಕಿರಾಣಿ ಚೀಟಿ ಬರೆಯಲು ಬರುತ್ತವೆ.

ತಂಗೀ, ಅವರು ಬಿಡಿಸಿ ಬರೆದುಕೊಟ್ಟ ಲೆಕ್ಕವನ್ನು ನನಗೂ ಕಳಿಸು. ಹೆಸರು ಯಾರದೆಂದು ಕೇಳಿದಾಗ ಏನೆಂದರು ಅದನ್ನೂ ಬರೆ. ಮುಂದಿನ ಸಂಚಿಕೆಯಲ್ಲಿ, ಬಹಳ ಮಂದಿ ಕೇಳಿರುವಂತೆ, ಖಡಕ್ ರೊಟ್ಟಿ ಮೆತ್ತಗಾಗದ ಹಾಗೆ ದೂರದೂರಿಗೆ ಕಟ್ಟಿ ಕಳಿಸುವುದು ಹೇಗೆಂದು ಬರೆಯುತ್ತೇನೆ.